ವಿಶ್ವವಿದ್ಯಾನಿಲಯದ ಕ್ರೀಡಾಂಗಣ ಯಾವ ಊರಿಗೆ? ಐದು ಪಶ್ಚಿಮ ತಾಲೂಕುಗಳ ಮುಂದಿರುವ ಪ್ರಶ್ನೆ

ಅಮೆರಿಕದ ಉತ್ತರ ಕರೊಲಿನಾ ರಾಜ್ಯದ ಚಾಪೆಲ್ ಹಿಲ್ ಎಂಬ ಊರಿನಲ್ಲಿ 2025ರಲ್ಲಿ ಒಂದು ವಾದ ಜೋರಾಗಿ ನಡೆಯಿತು. ಅಲ್ಲಿನ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ತಂಡ ಆಡುವ ಡೀನ್ ಸ್ಮಿತ್ ಸೆಂಟರ್ ಎಂಬ ಒಳಾಂಗಣ ಕ್ರೀಡಾಂಗಣ ಹಳತಾಗಿದೆ. ಅದನ್ನೇ ದುರಸ್ತಿ ಮಾಡಬೇಕೇ, ಅದೇ ಆವರಣದಲ್ಲಿ ಹೊಸದನ್ನು ಕಟ್ಟಬೇಕೇ, ಅಥವಾ ಊರಿನ ಉತ್ತರಕ್ಕೆ, ಹಿಂದೆ ಸಣ್ಣ ವಿಮಾನ ನಿಲ್ದಾಣವಿದ್ದ ವಿಶ್ವವಿದ್ಯಾನಿಲಯದ ವಿಶಾಲ ಜಾಗಕ್ಕೆ ಎತ್ತಿಕೊಂಡು ಹೋಗಬೇಕೇ ಎಂಬುದು ಪ್ರಶ್ನೆ. 2003ರಿಂದ 2021ರವರೆಗೆ ಆ ತಂಡದ ತರಬೇತುದಾರರಾಗಿದ್ದ ರಾಯ್ ವಿಲಿಯಮ್ಸ್ ಸ್ವತಃ ಬಹಿರಂಗವಾಗಿ ನಿಂತು, ಆಟ ವಿದ್ಯಾರ್ಥಿಗಳ ನಡುವೆಯೇ ಉಳಿಯಬೇಕು, ಆವರಣ ಬಿಟ್ಟು ಹೋಗಬಾರದು ಎಂದು ವಾದಿಸಿದರು.

ಇದಕ್ಕೂ ನಮ್ಮ ರಾಜ್ಯದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇದೆ. ಸಾರ್ವಜನಿಕ ಹಣದ ದೊಡ್ಡ ಕಟ್ಟಡ ಯಾವ ಊರಿನಲ್ಲಿ ಏಳುತ್ತದೆ ಎಂಬುದರ ಮೇಲೆ ಅದನ್ನು ಯಾರು ಬಳಸುತ್ತಾರೆ ಎಂಬುದು ನಿರ್ಧಾರವಾಗುತ್ತದೆ. ಈ ಪಾಠವನ್ನು ರಾಜ್ಯದಲ್ಲಿ ಈ ಐದು ತಾಲೂಕುಗಳ ಜನರಷ್ಟು ಕಷ್ಟಪಟ್ಟು ಕಲಿತವರು ಕಡಿಮೆ. ಅವರ ಪಾಲಿಗೆ ಈ ವಾದ ಮೊದಲು ಬಂದದ್ದು ಕ್ರೀಡಾಂಗಣದ ಹೆಸರಿನಲ್ಲಿ ಅಲ್ಲ, ಜಿಲ್ಲಾ ಕೇಂದ್ರದ ಹೆಸರಿನಲ್ಲಿ.

ಕರಾವಳಿಯ ನಮ್ಮ ಊರುಗಳಿಂದ ಬಳ್ಳಾರಿಯ ಕಡೆಗೆ ಶಾಲೆ, ಆಸ್ಪತ್ರೆ, ಸಮಾಜ ಸೇವೆಯ ಕೆಲಸಕ್ಕೆ ಹೋಗಿ ನೆಲೆಸಿದವರು ಹಲವರು. ಅವರಿಗೆ ಈ ತಾಲೂಕುಗಳ ಹೆಸರು ಹೊಸದಲ್ಲ. ಉಳಿದವರಿಗಾಗಿ ಸ್ವಲ್ಪ ಹಿನ್ನೆಲೆ.

ಜಿಲ್ಲೆಯಿಂದ ಜಿಲ್ಲೆಗೆ

1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಹೊಸ ಜಿಲ್ಲೆಗಳನ್ನು ರಚಿಸಿದಾಗ ಹರಪನಹಳ್ಳಿ ತಾಲೂಕನ್ನು ಬಳ್ಳಾರಿಯಿಂದ ಬಿಡಿಸಿ ದಾವಣಗೆರೆಗೆ ಸೇರಿಸಲಾಯಿತು. ನಕ್ಷೆ ನೋಡಿದವರು ಇದು ಸರಿ ಎಂದೇ ಹೇಳುತ್ತಾರೆ. ದಾವಣಗೆರೆ ಹತ್ತಿರ, ರಸ್ತೆಯ ಮೇಲೆ ಐವತ್ತು ಕಿಲೋಮೀಟರಿನ ಆಸುಪಾಸು. ಬಳ್ಳಾರಿಯಾದರೆ 120 ಕಿಲೋಮೀಟರಿಗೂ ಹೆಚ್ಚು. ವ್ಯಾಪಾರ, ಆಸ್ಪತ್ರೆ, ಬಟ್ಟೆ ಬರೆ ಎಲ್ಲದಕ್ಕೂ ಹರಪನಹಳ್ಳಿಯವರು ದಾವಣಗೆರೆಗೇ ಹೋಗುತ್ತಾರೆ, ಇಂದಿಗೂ.

ಆದರೆ 2012ರ ಕೊನೆಯಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಗೆ ಒಪ್ಪಿಗೆ ನೀಡಿ, 371(ಜೆ) ವಿಧಿ ಜಾರಿಗೆ ಬಂದಾಗ ಲೆಕ್ಕಾಚಾರವೇ ತಲೆಕೆಳಗಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಮಕ್ಕಳಿಗೆ ಶಿಕ್ಷಣದಲ್ಲಿ, ಸರಕಾರಿ ಕೆಲಸದಲ್ಲಿ ಮೀಸಲಾತಿ ಸಿಕ್ಕಿತು. ಹರಪನಹಳ್ಳಿಯ ಮಕ್ಕಳಿಗೆ ಸಿಗಲಿಲ್ಲ, ಏಕೆಂದರೆ ಅವರು ಹದಿನೈದು ವರ್ಷಗಳ ಹಿಂದೆಯೇ ಬಳ್ಳಾರಿ ಬಿಟ್ಟಿದ್ದರು! 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಕೂಡ್ಲಿಗಿಯೊಡನೆ ಹರಪನಹಳ್ಳಿಯನ್ನೂ ಸೇರಿಸಿತ್ತು. ಬಡತನ ಒಂದೇ, ಸವಲತ್ತು ಮಾತ್ರ ಬೇರೆ ಎಂಬಂತಾಯಿತು. ವರ್ಷಗಟ್ಟಲೆ ಹೋರಾಟ ನಡೆದು 2018ರಲ್ಲಿ ತಾಲೂಕು ಮರಳಿ ಬಳ್ಳಾರಿಗೆ ಸೇರಿತು. ಹತ್ತಿರದ ಜಿಲ್ಲಾ ಕೇಂದ್ರವನ್ನು ಬಿಟ್ಟು ದೂರದ್ದನ್ನು ಕೇಳಿ ಪಡೆದ ಜನ ಇವರು. ದೂರವೊಂದೇ ಮುಖ್ಯವಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಜನ ದೂರವನ್ನೂ ಸಹಿಸುತ್ತಾರೆ, ಅದರಿಂದ ಮಕ್ಕಳಿಗೆ ಏನಾದರೂ ಸಿಗುತ್ತದೆ ಎಂದು ಖಾತ್ರಿ ಇದ್ದರೆ.

ಮುಂದಿನದು ಓದುಗರಿಗೆ ನೆನಪಿರಬಹುದು. ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಬೇಕೆಂಬ ಬೇಡಿಕೆ 2019ರಲ್ಲಿ ಮತ್ತೆ ಜೀವ ಪಡೆಯಿತು. ಹೊಸಪೇಟೆಯ ಆನಂದ್ ಸಿಂಗ್ ಮುಂದೆ ನಿಂತರು. ಬಳ್ಳಾರಿ ನಗರದ ಶಾಸಕರಾಗಿದ್ದ ಸೋಮಶೇಖರ ರೆಡ್ಡಿ ವಿಭಜನೆಯೇ ಬೇಡವೆಂದರು. ಹರಪನಹಳ್ಳಿಯ ಶಾಸಕರಾಗಿದ್ದ ಕರುಣಾಕರ ರೆಡ್ಡಿ, ಜಿಲ್ಲೆ ಮಾಡುವುದಾದರೆ ಹರಪನಹಳ್ಳಿಯನ್ನು ಕೇಂದ್ರ ಮಾಡಿ ಎಂದರು. ಎಲ್ಲರೂ ಒಂದೇ ಪಕ್ಷದವರು ಎಂಬುದು ಬೇರೆ ವಿಷಯ. 2020ರ ನವೆಂಬರ್‌ನಲ್ಲಿ ಸಚಿವ ಸಂಪುಟ ಒಪ್ಪಿತು, 2021ರ ಫೆಬ್ರವರಿ 8ರಂದು ಅಧಿಸೂಚನೆ ಹೊರಟಿತು, ಅದೇ ವರ್ಷ ಅಕ್ಟೋಬರ್ 2ರಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೊಸಪೇಟೆಯಲ್ಲಿ ರಾಜ್ಯದ 31ನೇ ಜಿಲ್ಲೆಯನ್ನು ಉದ್ಘಾಟಿಸಿದರು. ಹೊಸಪೇಟೆಯ ಜೊತೆಗೆ ನಮ್ಮ ಈ ಐದು ತಾಲೂಕುಗಳು ಹೊಸ ಜಿಲ್ಲೆಗೆ ಬಂದವು. ಮುಚ್ಚಿಹೋಗಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯ ಜಾಗದಲ್ಲಿ ಜಿಲ್ಲಾ ಕಚೇರಿಗಳು ಎದ್ದವು.

ಹೊಸಪೇಟೆಗೆ ಕೇಂದ್ರ ಹೋದದ್ದಕ್ಕೆ ಕಾರಣಗಳಿದ್ದವು: ದೊಡ್ಡ ಊರು, ರೈಲು ಜಂಕ್ಷನ್, ಅಣೆಕಟ್ಟು, ಪಕ್ಕದಲ್ಲಿ ಹಂಪಿ. ಆದರೆ ನಕ್ಷೆ ಬಿಡಿಸಿ ನೋಡಿದರೆ ಹೊಸಪೇಟೆ ಇರುವುದು ಜಿಲ್ಲೆಯ ಈಶಾನ್ಯ ಮೂಲೆಯಲ್ಲಿ. ಹರಪನಹಳ್ಳಿ ನೈರುತ್ಯ ಮೂಲೆಯಲ್ಲಿ. ಆರು ತಾಲೂಕು ಕೇಂದ್ರಗಳ ನಡುಮಧ್ಯಕ್ಕೆ ಬೆರಳಿಟ್ಟರೆ ಅದು ಹಗರಿಬೊಮ್ಮನಹಳ್ಳಿಯ ಹತ್ತಿರ ಬೀಳುತ್ತದೆ. ಅಲ್ಲಿಂದ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹೊಸಪೇಟೆ ಐದೂ ಊರುಗಳು ನೇರ ಅಳತೆಯಲ್ಲಿ 40 ಕಿಲೋಮೀಟರಿನ ಒಳಗಿವೆ. ಜಿಲ್ಲಾ ಕೇಂದ್ರದ ಗದ್ದಲದಲ್ಲಿ ಈ ಊರಿನ ಹೆಸರು ಮಾತ್ರ ದೊಡ್ಡದಾಗಿ ಕೇಳಲೇ ಇಲ್ಲ. ಗದ್ದಲ ಮಾಡುವಷ್ಟು ದೊಡ್ಡ ಊರು ಅದಲ್ಲ, ಅಷ್ಟೇ.

ವಿಶ್ವವಿದ್ಯಾನಿಲಯ ಇರುವುದು ಎಲ್ಲಿ?

ಈಗ ಆಟದ ವಿಷಯಕ್ಕೆ ಬರೋಣ. ಈ ಭಾಗದ ವಿಶ್ವವಿದ್ಯಾನಿಲಯ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯ. ಗುಲ್ಬರ್ಗ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2010ರಲ್ಲಿ ಸ್ವತಂತ್ರವಾಯಿತು. ಇಂತಹ ವಿಶ್ವವಿದ್ಯಾನಿಲಯ ಒಂದು ಬಾಸ್ಕೆಟ್‌ಬಾಲ್ ಕ್ರೀಡಾಂಗಣ ಕಟ್ಟಲು ಹೊರಟರೆ ಎಲ್ಲಿ ಕಟ್ಟಬೇಕು? ಯಾರನ್ನು ಕೇಳಿದರೂ ಬರುವ ಮೊದಲ ಉತ್ತರ, “ಇನ್ನೆಲ್ಲಿ, ಬಳ್ಳಾರಿಯ ಆವರಣದಲ್ಲಿ” ಎಂದೇ.

ಈ ಉತ್ತರದಲ್ಲೇ ಎಡವಟ್ಟು ಇರುವುದು. ಚಾಪೆಲ್ ಹಿಲ್‌ನಲ್ಲಿ ರಾಯ್ ವಿಲಿಯಮ್ಸ್ ಹೇಳಿದ ಮಾತು ಅಲ್ಲಿಗೆ ಸರಿ, ಏಕೆಂದರೆ ಅಲ್ಲಿ ವಿದ್ಯಾರ್ಥಿ, ತರಗತಿ, ಹಾಸ್ಟೆಲು, ಗ್ರಂಥಾಲಯ, ಮೈದಾನ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿವೆ. ಆವರಣ ಎಂದರೇ ವಿಶ್ವವಿದ್ಯಾನಿಲಯ. ನಮ್ಮಲ್ಲಿ ಹಾಗಲ್ಲ. ನಮ್ಮ ರಾಜ್ಯದ ಸಾಮಾನ್ಯ ವಿಶ್ವವಿದ್ಯಾನಿಲಯಗಳ ಆವರಣದಲ್ಲಿ ಹೆಚ್ಚಾಗಿ ಇರುವವರು ಎಂ.ಎ., ಎಂ.ಎಸ್ಸಿ., ಎಂ.ಕಾಂ. ಓದುವವರು ಮತ್ತು ಸಂಶೋಧಕರು. ಪದವಿ ವಿದ್ಯಾರ್ಥಿಗಳು, ಅಂದರೆ ಹದಿನೆಂಟರಿಂದ ಇಪ್ಪತ್ತೊಂದರ ಆಡುವ ಪ್ರಾಯದವರು, ಇರುವುದು ಸಂಯೋಜಿತ ಕಾಲೇಜುಗಳಲ್ಲಿ: ಕೊಟ್ಟೂರಿನ ಕೊಟ್ಟೂರೇಶ್ವರ ಕಾಲೇಜಿನಲ್ಲಿ, ಹಡಗಲಿಯ ಜಿ.ಬಿ.ಆರ್. ಕಾಲೇಜಿನಲ್ಲಿ, ತಾಲೂಕು ತಾಲೂಕುಗಳ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ. ವಿಶ್ವವಿದ್ಯಾನಿಲಯದ ತಂಡ ಎಂದರೆ ಇವರಲ್ಲಿಂದ ಆರಿಸಿದ ತಂಡ. ಅಂತರ ಕಾಲೇಜು ಪಂದ್ಯಾಟವನ್ನು ಒಂದೊಂದು ವರ್ಷ ಒಂದೊಂದು ಕಾಲೇಜು ನಡೆಸಿಕೊಡುತ್ತದೆ. ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ, ಕೆಲವು ದಿನ ಶಿಬಿರ ನಡೆಸಿ, ದಕ್ಷಿಣ ವಲಯದ ಅಂತರ ವಿಶ್ವವಿದ್ಯಾನಿಲಯ ಪಂದ್ಯಾಟಕ್ಕೆ ಕಳಿಸುತ್ತಾರೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿಯೂ ಇದೇ ಪದ್ಧತಿ ಎಂಬುದು ನಮ್ಮ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಗೊತ್ತಿರುವ ವಿಚಾರ.

ಅಂದಮೇಲೆ ಆವರಣದಲ್ಲಿ ಕೋಟಿಗಟ್ಟಲೆ ಸುರಿದು ಕಟ್ಟಿದ ಕ್ರೀಡಾಂಗಣದಲ್ಲಿ ವರ್ಷದಲ್ಲಿ ಎಷ್ಟು ದಿನ ವಿಶ್ವವಿದ್ಯಾನಿಲಯದ ಆಟಗಾರರು ಆಡುತ್ತಾರೆ? ಆಯ್ಕೆ ಶಿಬಿರದ ದಿನಗಳು, ಯಾವಾಗಲಾದರೂ ಸಿಗುವ ವಲಯ ಪಂದ್ಯಾಟದ ಆತಿಥ್ಯ. ಉಳಿದ ದಿನ ಬಳ್ಳಾರಿ ನಗರದ ಮಕ್ಕಳು ಆಡಬಹುದು, ಅದು ಒಳ್ಳೆಯದೇ. ಆದರೆ ಹರಪನಹಳ್ಳಿಯ ಹುಡುಗಿ ಸಂಜೆ ತರಗತಿ ಮುಗಿಸಿ ಅಭ್ಯಾಸಕ್ಕೆ ಬಳ್ಳಾರಿಗೆ ಹೋಗಿ ಬರಲು ಸಾಧ್ಯವೇ?

ನಮಗೆ ಇದಕ್ಕೆ ಹತ್ತಿರದ ಉದಾಹರಣೆ ಕೊಡಗು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಆರಂಭವಾದಾಗಿನಿಂದ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಕಾಲೇಜುಗಳು ಕೊಣಾಜೆಯ ಅಡಿಯಲ್ಲಿದ್ದವು. ಹಾಕಿಯಲ್ಲಿ ದೇಶಕ್ಕೇ ಆಟಗಾರರನ್ನು ಕೊಟ್ಟ ಜಿಲ್ಲೆಯ ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯದ ಕೆಲಸಕ್ಕೆ ಘಾಟಿ ಇಳಿದು ಬರಬೇಕಿತ್ತು. ಕೊಣಾಜೆಯ ಮೈದಾನದಿಂದ ಕೊಡಗಿನ ಹಾಕಿ ಬೆಳೆಯಲಿಲ್ಲ. ಅಲ್ಲಿನ ಊರೂರಿನ ಮೈದಾನಗಳಿಂದ ಬೆಳೆಯಿತು. 2023ರಲ್ಲಿ ಕೊಡಗಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂತು. ಅದೇ ವರ್ಷ ಕೊಪ್ಪಳವೂ ಬಳ್ಳಾರಿಯಿಂದ ಬೇರೆಯಾಗಿ ಕುಕನೂರು ತಾಲೂಕಿನ ತಳಕಲ್ಲಿನಲ್ಲಿ ಕೊಪ್ಪಳ ವಿಶ್ವವಿದ್ಯಾನಿಲಯ ಶುರುವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚಬೇಕೆಂದು ಶಿಫಾರಸು ಮಾಡಿತು. ಕೊಡಗು, ಕೊಪ್ಪಳ ಎರಡೂ ಆ ಪಟ್ಟಿಯಲ್ಲಿದ್ದವು. ವಿಶ್ವವಿದ್ಯಾನಿಲಯಗಳ ಗಡಿಯೇ ಹೀಗೆ ಅತ್ತಿತ್ತ ಸರಿಯುತ್ತಿರುವಾಗ ಆವರಣದ ನಡುವೆ ಎದ್ದ ಒಂದು ಭಾರೀ ಕಟ್ಟಡವನ್ನು ನಂಬಿ ಕೂರುವುದು ಹೇಗೆ?

ದೊಡ್ಡದು ಕಟ್ಟಿದರೆ ಏನಾಗುತ್ತದೆ

ಡೀನ್ ಸ್ಮಿತ್ ಸೆಂಟರ್‌ನ ಕಥೆಯನ್ನೇ ಸ್ವಲ್ಪ ನೋಡೋಣ. 1986ರ ಜನವರಿಯಲ್ಲಿ ಅದು ತೆರೆದಾಗ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಆಸನಗಳಿದ್ದವು. ಕಟ್ಟಿದ್ದು ದಾನಿಗಳ ಹಣದಿಂದ. ಹಣ ಕೊಟ್ಟವರಿಗೆ ಅಂಕಣದ ಹತ್ತಿರದ ಒಳ್ಳೆಯ ಆಸನಗಳ ಹಕ್ಕು ಹೋಯಿತು, ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಮೇಲೆ, ದೂರ ಕುಳಿತರು. ಹತ್ತು ಮೈಲಿ ಆಚೆಗಿನ ಡ್ಯೂಕ್ ವಿಶ್ವವಿದ್ಯಾನಿಲಯದ ಕ್ಯಾಮರಾನ್ ಕ್ರೀಡಾಂಗಣ 1940ರದು. ಆಸನಗಳು ಒಂಬತ್ತು ಸಾವಿರದಷ್ಟು ಮಾತ್ರ. ಅಲ್ಲಿ ವಿದ್ಯಾರ್ಥಿಗಳು ಅಂಕಣದ ಅಂಚಿನಲ್ಲೇ ನಿಂತು ಕೂಗುತ್ತಾರೆ. ಎದುರಾಳಿ ತಂಡಗಳು ಹೆದರುವುದು ಆ ಸಣ್ಣ ಕ್ರೀಡಾಂಗಣಕ್ಕೆ. ಅಂದ ಹಾಗೆ ಚಾಪೆಲ್ ಹಿಲ್‌ನ ಅತಿ ಪ್ರಸಿದ್ಧ ಆಟಗಾರ ಮೈಕೆಲ್ ಜೋರ್ಡನ್ ವಿದ್ಯಾರ್ಥಿಯಾಗಿದ್ದಾಗ ಈ ದೊಡ್ಡ ಕಟ್ಟಡದಲ್ಲಿ ಒಂದೂ ಪಂದ್ಯ ಆಡಲಿಲ್ಲ. ಅವರು 1984ರಲ್ಲೇ ಹೊರಟು ಹೋಗಿದ್ದರು. ಆಡಿದ್ದೆಲ್ಲ ಹಳೆಯ, ಸಣ್ಣ ಕಾರ್ಮೈಕಲ್ ಸಭಾಂಗಣದಲ್ಲಿ.

ಇನ್ನೊಂದು ಉದಾಹರಣೆ ಲೂಯಿವಿಲ್. ಅಲ್ಲಿನ ವಿಶ್ವವಿದ್ಯಾನಿಲಯದ ತಂಡಕ್ಕಾಗಿ ಹೊಸ ಕ್ರೀಡಾಂಗಣ ಎಲ್ಲಿ ಎಂಬ ವಾದ 2000ದ ದಶಕದ ನಡುವಿನಲ್ಲಿ ಕಾವೇರಿತು. ಹಳೆಯ ಜಾತ್ರೆ ಮೈದಾನದ ಕಡೆಯೇ ಇರಲಿ ಎಂದವರಿದ್ದರು, ನಗರದ ಮಧ್ಯೆ ನದಿಯ ದಂಡೆಗೆ ಬರಲಿ, ಪೇಟೆ ಬೆಳೆಯುತ್ತದೆ ಎಂದವರಿದ್ದರು. ಪೇಟೆಯವರು ಗೆದ್ದರು. 2010ರಲ್ಲಿ ಅದು ತೆರೆಯಿತು. ಸುತ್ತಲಿನ ವ್ಯಾಪಾರದಿಂದ ಬರಬೇಕಿದ್ದ ತೆರಿಗೆ ಅಂದುಕೊಂಡಷ್ಟು ಬಾರದೆ ಸಾಲ ತೀರಿಸುವುದು ಕಷ್ಟವಾಯಿತು. ಕೊನೆಗೆ 2017ರಲ್ಲಿ ವಿಶ್ವವಿದ್ಯಾನಿಲಯವೇ ವರ್ಷ ವರ್ಷ ಹೆಚ್ಚುವರಿ ಹಣ ಕೊಡಲು ಒಪ್ಪಬೇಕಾಯಿತು.

ನಮ್ಮಲ್ಲಿ ದೊಡ್ಡ ಕ್ರೀಡಾಂಗಣಕ್ಕೆ ಬರುವ ರೋಗ ಬೇರೆ. ಇಲ್ಲಿ ಅದು ಸಭೆಗಳಿಗೆ ಹೋಗುತ್ತದೆ. ಹೊಸಪೇಟೆಯ ಜಿಲ್ಲಾ ಕ್ರೀಡಾಂಗಣಕ್ಕೆ ಪುನೀತ್ ರಾಜ್‌ಕುಮಾರ್ ಅವರ ಹೆಸರಿಟ್ಟಿದ್ದಾರೆ. 2025ರ ಮೇ 20ರಂದು ರಾಜ್ಯ ಸರಕಾರದ ಎರಡು ವರ್ಷಗಳ ಸಾಧನಾ ಸಮಾವೇಶ ನಡೆದದ್ದು ಅಲ್ಲಿಯೇ. ಅಂದು ಒಂದು ಲಕ್ಷಕ್ಕೂ ಮೇಲ್ಪಟ್ಟು ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಕಾರ್ಯಕ್ರಮ ಇತ್ತು; ಅದು ಬಡವರಿಗೆ ಬೇಕಾದ ಕೆಲಸ, ತಕರಾರಿಲ್ಲ. ಆದರೆ ಜಿಲ್ಲಾ ಕೇಂದ್ರದ ಕ್ರೀಡಾಂಗಣ ಎಂದರೆ ಇದು ಇದ್ದದ್ದೇ. ಯಾವ ಪಕ್ಷದ ಸರಕಾರವಿದ್ದರೂ ಇದೇ ಕಥೆ. ಸ್ವಾತಂತ್ರ್ಯೋತ್ಸವ, ರಾಜ್ಯೋತ್ಸವ, ಸಮಾವೇಶ, ಪೆಂಡಾಲು. ಪೆಂಡಾಲಿನ ಗೂಟ ಕಿತ್ತ ಗುಂಡಿಗಳನ್ನು ಮುಚ್ಚುವುದು ಯಾರು ಎಂದು ಯಾವ ಆಟಗಾರನನ್ನು ಕೇಳಿದರೂ ನಕ್ಕು ಸುಮ್ಮನಾಗುತ್ತಾನೆ. ಒಳಾಂಗಣ ಕ್ರೀಡಾಂಗಣವಾದರೆ ಮದುವೆ, ಪರೀಕ್ಷೆ, ಮತ ಎಣಿಕೆ. ಮರದ ನೆಲದ ಮೇಲೆ ಕಬ್ಬಿಣದ ಮೇಜು ಎಳೆದರೆ ಆ ನೆಲದ ಆಯಸ್ಸು ಎಷ್ಟು?

ಒಂದು ಅಂಕಣಕ್ಕೆ ಬೇಕಾದದ್ದು

ಬಾಸ್ಕೆಟ್‌ಬಾಲ್ ಅಂಕಣದ ಅಳತೆ 28 ಮೀಟರ್ ಉದ್ದ, 15 ಮೀಟರ್ ಅಗಲ. ಸುತ್ತ ಎರಡೆರಡು ಮೀಟರ್ ಬಿಟ್ಟರೂ ಸುಮಾರು 600 ಚದರ ಮೀಟರ್. ಒಂದು ಎಕರೆಯ ಏಳನೇ ಒಂದು ಪಾಲು. ಬುಟ್ಟಿಯ ಎತ್ತರ 3.05 ಮೀಟರ್. ಮಾಡು ಇದ್ದರೆ ಅದು ಏಳು ಮೀಟರ್ ಎತ್ತರದಲ್ಲಿರಬೇಕು. ಇಷ್ಟೇ. ಕ್ರಿಕೆಟ್‌ನಂತೆ, ಫುಟ್‌ಬಾಲ್‌ನಂತೆ ಎಕರೆಗಟ್ಟಲೆ ಮೈದಾನ ಬೇಡ. ಹತ್ತು ಮಂದಿ ಸೇರಿದರೆ ಆಟ, ಆರು ಮಂದಿ ಸೇರಿದರೂ ಅರ್ಧ ಅಂಕಣದಲ್ಲಿ ಆಟ. ಹುಡುಗಿಯರಿಗೆ ಕಾಲೇಜಿನ ಗೋಡೆಯೊಳಗೇ ಆಡಬಹುದಾದ ಆಟ.

ಜೇಮ್ಸ್ ನೈಸ್ಮಿತ್ 1891ರ ಚಳಿಗಾಲದಲ್ಲಿ ಈ ಆಟವನ್ನು ಹುಟ್ಟಿಸಿದ್ದೇ ಹಿಮ ಬೀಳುವ ದಿನಗಳಲ್ಲಿ ಮನೆಯೊಳಗೆ ಆಡಲಿ ಎಂದು. ಕೂಡ್ಲಿಗಿ, ಹಡಗಲಿಯಲ್ಲಿ ಹಿಮವಿಲ್ಲ. ಇಲ್ಲಿ ಮಾಡು ಬೇಕಾದರೆ ಬಿಸಿಲಿಗೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಸಿಮೆಂಟು ಅಂಕಣ ಮಧ್ಯಾಹ್ನ ಮೂರಕ್ಕೆ ಕಾದ ಕಾವಲಿ. ಆದರೆ ನಾಲ್ಕೂ ಕಡೆ ಗೋಡೆ ಎಬ್ಬಿಸಿ ಹವಾನಿಯಂತ್ರಣ ಹಾಕುವ ಅಗತ್ಯವಿಲ್ಲ. ಕಂಬ ನಿಲ್ಲಿಸಿ ಮೇಲೆ ತಗಡಿನ ಮಾಡು ಹಾಕಿ, ಬದಿಗಳನ್ನು ತೆರೆದಿಟ್ಟು, ನಾಲ್ಕು ದೀಪ ಹಾಕಿದರೆ ಮಳೆಗೂ ಆಗುತ್ತದೆ, ಬಿಸಿಲಿಗೂ ಆಗುತ್ತದೆ. ಎಲ್ಲ ಸೌಕರ್ಯಗಳ ಒಂದೇ ಒಳಾಂಗಣ ಕ್ರೀಡಾಂಗಣಕ್ಕೆ ಆಗುವ ಖರ್ಚಿನಲ್ಲಿ ಇಂತಹ ಅಂಕಣಗಳನ್ನು ಐದೂ ತಾಲೂಕುಗಳಲ್ಲಿ ಕಟ್ಟಿ, ಮೇಲೆ ಹಣ ಉಳಿಸಬಹುದು.

ಹಣದ ಮಾತು ಬಂದಾಗ ಬಳ್ಳಾರಿಯ ಕಡೆ ಯಾರೂ ಬಡತನ ಹೇಳುವಂತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ ಘೋಷಿಸಿದ್ದು 5,000 ಕೋಟಿ ರೂಪಾಯಿ. ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸರ್ವೋಚ್ಚ ನ್ಯಾಯಾಲಯದ ನಿಗಾದಲ್ಲಿ ಕೂಡಿಟ್ಟ ಹಣ ಇಪ್ಪತ್ತು ಸಾವಿರ ಕೋಟಿಗೂ ಮಿಕ್ಕಿದೆ. ಗಣಿಯ ಹಣದ ಮೊದಲ ಹಕ್ಕು ಗಣಿಯ ಧೂಳು ಕುಡಿದ ಸಂಡೂರು, ಹೊಸಪೇಟೆಯಂತಹ ಕಡೆಗೆ, ಅದು ನ್ಯಾಯವೇ. ಹಾಗಾಗಿ ಗಣಿ ಇಲ್ಲದ ಹಡಗಲಿ, ಹರಪನಹಳ್ಳಿಗಳು ಮಂಡಳಿಯ ಹಣದತ್ತಲೇ ನೋಡಬೇಕು.

ಅದೇ ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ಜಿಂದಾಲ್ ಸಂಸ್ಥೆಯವರು 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ನಲ್ಲಿ ದೇಶದ ಮೊದಲ ಸಾಲಿನ ಆಟಗಾರರು ಅಲ್ಲಿ ತಯಾರಾಗುತ್ತಾರೆ. ಈ ಒಣ ನೆಲದಲ್ಲಿ ಏನೂ ಆಗದು ಎನ್ನುವವರಿಗೆ ಅದು ಉತ್ತರ. ಆದರೆ ಅದು ಆಯ್ಕೆಯಾಗಿ ಬಂದವರ ಜಾಗ. ಆಟವನ್ನು ಮೊದಲ ಬಾರಿ ಮುಟ್ಟಿ ನೋಡುವ ಹುಡುಗನ ಜಾಗ ಅವನ ಊರಿನಲ್ಲೇ ಇರಬೇಕು.

ಎದುರು ವಾದ

ಇದಕ್ಕೆ ಎದುರು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಒಂದು, ರಾಷ್ಟ್ರಮಟ್ಟದ ಪಂದ್ಯಾಟ ನಡೆಸಬೇಕಾದರೆ ಪ್ರೇಕ್ಷಕರ ಗ್ಯಾಲರಿ, ಮರದ ನೆಲ, ತಂಡಗಳಿಗೆ ಉಳಿಯಲು ಹೋಟೆಲು ಬೇಕು. ಹಗರಿಬೊಮ್ಮನಹಳ್ಳಿಯಲ್ಲಿ ಅದೆಲ್ಲ ಎಲ್ಲಿ? ನಿಜ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್‌ನ ಎರಡನೇ ವಿಭಾಗದ ಫೈನಲ್‌ನಲ್ಲಿ ನಮ್ಮ ಮಹಿಳಾ ತಂಡ ಕಝಾಕಿಸ್ತಾನವನ್ನು 75-73ರಿಂದ ಸೋಲಿಸಿತು. ಅಂತಹ ಪಂದ್ಯವನ್ನು ತಾಲೂಕು ಕೇಂದ್ರದಲ್ಲಿ ನಡೆಸಲಾಗದು. ಆದರೆ ಅಂತಹ ಕ್ರೀಡಾಂಗಣ ರಾಜ್ಯಕ್ಕೆ ಒಂದೆರಡು ಸಾಕು, ಪ್ರತಿ ವಿಶ್ವವಿದ್ಯಾನಿಲಯಕ್ಕೂ ಬೇಡ.

ಎರಡನೆಯದು ಇದಕ್ಕಿಂತ ಗಟ್ಟಿ ವಾದ. ಸಣ್ಣ ಊರಿನಲ್ಲಿ ಕಟ್ಟಿದ್ದು ಬೀಗ ಹಾಕಿಕೊಂಡೇ ಇರುತ್ತದೆ. ಕೋಚ್ ಇರುವುದಿಲ್ಲ, ಬಲ್ಬು ಹೋದರೆ ಹಾಕುವವರಿರುವುದಿಲ್ಲ, ಆರು ತಿಂಗಳಲ್ಲಿ ಬೋರ್ಡು ಮುರಿದು ರಿಂಗು ಜೋತಾಡುತ್ತದೆ. ಹಳ್ಳಿಗಾಡಿನ ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ದೃಷ್ಟಿಯಲ್ಲಿ ಈ ಆಕ್ಷೇಪಕ್ಕೆ ಸಿಮೆಂಟಿನಲ್ಲಿ ಉತ್ತರವಿಲ್ಲ. ಬೀಗದ ಕೈ ಯಾರ ಹತ್ತಿರ ಎಂಬುದನ್ನು ಕಟ್ಟುವ ಮೊದಲೇ ಬರೆದಿಡಬೇಕು. ಅಂಕಣ ಕಾಲೇಜಿನದಾಗಿದ್ದು, ಅಲ್ಲಿನ ದೈಹಿಕ ಶಿಕ್ಷಣ ನಿರ್ದೇಶಕರ ಹೊಣೆಯಲ್ಲಿದ್ದು, ಸಂಜೆ ಊರಿನ ಶಾಲಾ ಮಕ್ಕಳಿಗೂ ತೆರೆದಿದ್ದರೆ ಅದು ಉಳಿಯುತ್ತದೆ. ಯಾವುದೋ ಇಲಾಖೆ ಕಟ್ಟಿ, ಇನ್ನಾವುದೋ ಇಲಾಖೆಗೆ ಹಸ್ತಾಂತರಿಸಿ, ಮೂರನೆಯದು ವಿದ್ಯುತ್ ಬಿಲ್ಲು ಕಟ್ಟಬೇಕೆಂದರೆ ಹಾಳು ಬೀಳುವುದು ಖಂಡಿತ. ಸರಕಾರಿ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣದ ಹುದ್ದೆ ತುಂಬುವುದು ಕಟ್ಟಡಕ್ಕಿಂತ ಮೊದಲಿನ ಕೆಲಸ. ಅದಕ್ಕೆ ಶಂಕುಸ್ಥಾಪನೆ ಇಲ್ಲದ್ದರಿಂದ ಯಾರಿಗೂ ಆಸಕ್ತಿ ಇಲ್ಲ.

ಇನ್ನು ಕಮಲಾಪುರದ ಹತ್ತಿರದ ಹಂಪಿ ಕನ್ನಡ ವಿಶ್ವವಿದ್ಯಾನಿಲಯದ ಮಾತು. ಅಲ್ಲಿ ನೂರಾರು ಎಕರೆ ಜಾಗವಿದೆ, ಜಿಲ್ಲೆಯೊಳಗೇ ಇದೆ, ಅಲ್ಲೇ ಕಟ್ಟಬಹುದಲ್ಲ ಎಂದು ಕೇಳುವವರೂ ಇರಬಹುದು. 1991ರಲ್ಲಿ ಆರಂಭವಾದ ಅದು ಸಂಶೋಧನೆಗೆ ಮೀಸಲಾದ ಸಂಸ್ಥೆ. ಪದವಿ ಕಾಲೇಜುಗಳ ಆಟಗಾರರು ಅದರವರಲ್ಲ. ಹಂಪಿಯ ಪಾರಂಪರಿಕ ಪ್ರದೇಶದಲ್ಲಿ ಕಟ್ಟುವುದಕ್ಕೆ ನಿಯಮಗಳೂ ಬಿಗಿ. ಅದಕ್ಕಿಂತ ಮಿಗಿಲಾಗಿ, ಹರಪನಹಳ್ಳಿಗೆ ಅದು ಹೊಸಪೇಟೆಗಿಂತಲೂ ದೂರ. ಖಾಲಿ ಜಾಗ ಇದೆ ಎಂಬ ಒಂದೇ ಕಾರಣಕ್ಕೆ ಕಟ್ಟಡ ಹೋಗಿ ಕೂರುವುದು ಚಾಪೆಲ್ ಹಿಲ್‌ನವರಿಗೂ ಬೇಡವೆನಿಸಿದ ಸಂಗತಿ.

ಕೊನೆಯ ಬಸ್ಸು

ಹಾಗಾದರೆ ಎಲ್ಲಿ? ಐದೂ ತಾಲೂಕುಗಳಲ್ಲಿ ಒಂದೊಂದು ಮಾಡು ಹಾಕಿದ ಅಂಕಣ ಮೊದಲು ಆಗಲಿ. ಶಿಬಿರ, ಆಯ್ಕೆ, ಅಂತರ ಕಾಲೇಜು ಪಂದ್ಯಾಟಗಳಿಗೆ ಸ್ವಲ್ಪ ದೊಡ್ಡದು ಒಂದು ಬೇಕೆಂದರೆ ಅದು ಹಗರಿಬೊಮ್ಮನಹಳ್ಳಿಯಲ್ಲಿರಲಿ, ಇಲ್ಲವೇ ಕೊಟ್ಟೂರಿನಲ್ಲಿ. ಎರಡೂ ಹೊಸಪೇಟೆ–ಹರಿಹರ ರೈಲು ಮಾರ್ಗದ ಮೇಲಿವೆ, ಹರಪನಹಳ್ಳಿಯೂ ಅದೇ ಮಾರ್ಗದಲ್ಲಿದೆ. ಹಳೆಯ ಸಣ್ಣ ಹಳಿಯ ಕಾಲದಲ್ಲಿ ಕೊಟ್ಟೂರಿಗೇ ನಿಂತುಬಿಡುತ್ತಿದ್ದ ಆ ದಾರಿ ಈಗ ಬ್ರಾಡ್‌ಗೇಜ್ ಆಗಿ ಹರಿಹರದವರೆಗೆ ಮುಟ್ಟುತ್ತದೆ. ಕೂಡ್ಲಿಗಿಗೂ ಹಡಗಲಿಗೂ ರೈಲಿಲ್ಲ, ಅವರು ಬಸ್ಸನ್ನೇ ನೆಚ್ಚಬೇಕು. ಆದರೆ ನಡುವಿನ ಊರಾದ ಹಗರಿಬೊಮ್ಮನಹಳ್ಳಿಗೆ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ದೂರ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿದೆ. ಇದು ಸಣ್ಣ ವಿಷಯವಲ್ಲ. ದಿನಕ್ಕೆ ನೂರು ರೂಪಾಯಿ ಕೊಟ್ಟು ಮಗಳನ್ನು ಬಾಸ್ಕೆಟ್‌ಬಾಲ್ ಆಡಲು ಕಳಿಸುವ ರೈತ ಕುಟುಂಬ ಕೂಡ್ಲಿಗಿಯಲ್ಲಿ ಎಷ್ಟಿರಬಹುದು? ಈಗ ಉಳಿದಿರುವುದು ಹಣದ ಪ್ರಶ್ನೆಯಲ್ಲ, ಗಂಟೆಯ ಪ್ರಶ್ನೆ. ಕಾಲೇಜು ಬಿಡುವುದು ನಾಲ್ಕಕ್ಕೆ. ಬಿಸಿಲು ಇಳಿಯುವುದು ಐದಕ್ಕೆ. ಒಂದೂವರೆ ಗಂಟೆ ಆಡಿದರೆ ಆರೂವರೆ. ಅದಾದ ಮೇಲೆ ತನ್ನ ಹಳ್ಳಿಗೆ ಹೋಗುವ ಬಸ್ಸು ಇದೆಯೇ ಎಂಬುದನ್ನು ನೋಡಿ ಅಪ್ಪ ಅಮ್ಮ ನಿರ್ಧಾರ ಮಾಡುತ್ತಾರೆ. ಹುಡುಗಿಯರಿಗೆ ಬಟ್ಟೆ ಬದಲಿಸಲು ಕೋಣೆ, ನೀರಿರುವ ಶೌಚಾಲಯ ಇಲ್ಲದಿದ್ದರೆ ಬಸ್ಸಿದ್ದೂ ಪ್ರಯೋಜನವಿಲ್ಲ. ಜಾಗ ಗೊತ್ತುಪಡಿಸುವ ಸಮಿತಿಯಲ್ಲಿ ಎಂಜಿನಿಯರು, ಕುಲಪತಿ, ಶಾಸಕರ ಜೊತೆಗೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೊ ಮ್ಯಾನೇಜರ್ ಒಬ್ಬರನ್ನು ಕೂರಿಸಿದರೆ ಅರ್ಧ ಕೆಲಸ ಆದಂತೆ. ಸಂಜೆ ಏಳರ ನಂತರ ಕೊಟ್ಟೂರಿನಿಂದ ಉಜ್ಜಿನಿಗೆ, ಹಡಗಲಿಯಿಂದ ಮೈಲಾರಕ್ಕೆ, ಹರಪನಹಳ್ಳಿಯಿಂದ ಉಚ್ಚಂಗಿದುರ್ಗಕ್ಕೆ ಯಾವ ಬಸ್ಸು ಹೊರಡುತ್ತದೆ ಎಂದು ಆ ಪಟ್ಟಿಯನ್ನು ಮೊದಲು ಮೇಜಿನ ಮೇಲಿಡಲಿ, ಕಟ್ಟಡದ ನೀಲನಕ್ಷೆಯನ್ನು ಅದರ ಮೇಲೆ ಬಿಡಿಸಲಿ.